ಮಾಲೆ ತೆಗೆದ ಮೇಲೆ ಮತ್ತೆ ಶುರುವಾದ ಸಿಗರೇಟು

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ದಿನಕ್ಕೆ 15 ಸಿಗರೇಟ್ ಆಗುತ್ತದೆ, ಸಮುದ್ರಕ್ಕೆ ಹೋದಾಗ ಬೀಡಿಯೂ ಸೇರುತ್ತದೆ. ಬೆಳಿಗ್ಗೆ ಎದ್ದ ಹತ್ತು ನಿಮಿಷದೊಳಗೆ ಒಂದು ಬೇಕೇ ಬೇಕು, ಇಲ್ಲದಿದ್ದರೆ ಸಂಡಾಸಿಗೂ ಆಗುವುದಿಲ್ಲ. ಎರಡು ವರ್ಷದ ಹಿಂದೆ ಅಯ್ಯಪ್ಪ ಮಾಲೆ ಹಾಕಿದ್ದೆ. 41 ದಿನ ಒಂದೂ ಸೇದಲಿಲ್ಲ. ಊರಿಗೆ ಬಂದು ಮಾಲೆ ತೆಗೆದ ಅರ್ಧ ಗಂಟೆಗೆ ಮತ್ತೆ ಹಚ್ಚಿದೆ. ಆಮೇಲೆ ಎರಡು ಸಲ ಬಿಟ್ಟು ನೋಡಿದೆ. ಸೇದುವ ತಲಬು ಬಂತೆಂದರೆ ಕೈಕಾಲು ಆಡುವುದಿಲ್ಲ, ಎಲ್ಲರ ಮೇಲೂ ರೇಗುತ್ತೇನೆ, ರಾತ್ರಿ ನಿದ್ದೆ ಇಲ್ಲ. ನಾಲ್ಕನೇ ದಿನ ಹೆಂಡತಿಯೇ "ಸೇದಿಬಿಡಿ ಮಾರಾಯ್ರೇ, ಈ ಸಿಟ್ಟು ನೋಡೋಕಾಗಲ್ಲ" ಅಂದಳು. ಮೆಡಿಕಲ್‌ನಿಂದ ನಿಕೋಟಿನ್ ಗಮ್ ತಂದೆ. ಬಿಕ್ಕಳಿಕೆ, ಎದೆ ಉರಿ ಬಂದು ಬಿಸಾಕಿದೆ. ದೇವರ ಹೆಸರಲ್ಲಿ ಆಗಿದ್ದು ನನ್ನ ಹೆಸರಲ್ಲಿ ಯಾಕೆ ಆಗುತ್ತಿಲ್ಲ? ಜೂನ್‌ನಲ್ಲಿ ಬೋಟು ನಿಲ್ಲುತ್ತದೆ, ಆಗ ಇನ್ನೊಮ್ಮೆ ನೋಡಲಾ?

ಉತ್ತರ: ತಾಂಡೇಲರೇ, ನೋಡಿ. ಖಂಡಿತ ನೋಡಿ. ಜೂನ್ 1 ನಿಮಗೆ ಒಳ್ಳೆಯ ದಿನ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಆ 41 ದಿನದ ಬಗ್ಗೆ ಮಾತಾಡೋಣ. ಅದನ್ನು ನೀವು ಸೋಲಿನ ಲೆಕ್ಕಕ್ಕೆ ಹಾಕಿದ್ದೀರಿ, ನನಗೆ ಹಾಗೆ ಕಾಣುವುದಿಲ್ಲ.

ಸಿಗರೇಟಿನ ನಿಕೋಟಿನ್ ಎಳೆದ ಹತ್ತಿಪ್ಪತ್ತು ಸೆಕೆಂಡಿಗೆ ಮೆದುಳಿಗೆ ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿಯೇ ರಾತ್ರಿಯೆಲ್ಲ ಖಾಲಿಯಾದ ಮೆದುಳು ಬೆಳಿಗ್ಗೆ ಎದ್ದ ಕೂಡಲೇ ಕೈಚಾಚುತ್ತದೆ. ಬಿಟ್ಟಾಗ ಬರುವ ಸಿಟ್ಟು, ಚಡಪಡಿಕೆ ಎಲ್ಲ ಎರಡನೇ, ಮೂರನೇ ದಿನ ತುತ್ತತುದಿಯಲ್ಲಿರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಇಳಿಯುತ್ತವೆ. ಅಂದರೆ ನೀವು ಶಬರಿಮಲೆ ಹತ್ತುವ ಹೊತ್ತಿಗೆ ನಿಮ್ಮ ದೇಹ ಸಿಗರೇಟಿನ ಋಣ ತೀರಿಸಿ ಆಗಿತ್ತು. ಮಾಲೆ ತೆಗೆದು ಹಚ್ಚಿದ ಆ ಮೊದಲ ಸಿಗರೇಟಿಗೆ ಸ್ವಲ್ಪ ತಲೆ ತಿರುಗಿರಬೇಕು, ಅಲ್ವಾ? ಹೊಸದಾಗಿ ಸೇದುವ ಹುಡುಗರಿಗೆ ಆಗುವ ಹಾಗೆ. ದೇಹಕ್ಕೆ ಅಭ್ಯಾಸ ತಪ್ಪಿತ್ತು ಅನ್ನುವುದಕ್ಕೆ ಅದೇ ಗುರುತು.

ಹಾಗಾದರೆ ಹಚ್ಚಿದ್ದು ಯಾಕೆ? ಮಾಲೆ ಹಾಕಿದಾಗ ಏನೇನು ಬದಲಾಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಶುರುವಿಗೆ ಒಂದು ದಿನ ಗೊತ್ತಾಗಿತ್ತು. ಅವತ್ತಿನಿಂದ ಇಡೀ ಕೇರಿ ನಿಮ್ಮನ್ನು "ಸ್ವಾಮಿ" ಅಂತ ಕರೆಯಿತು. ನಿಮ್ಮ ಖಲಾಸಿಗಳೂ ಕರೆದಿರಬೇಕು. ಸ್ವಾಮಿಗೆ ಯಾರಾದರೂ ಸಿಗರೇಟ್ ಚಾಚುತ್ತಾರಾ? ಗೂಡಂಗಡಿಯವನೂ ಕೊಡುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ, ಪೂಜೆ, ಶರಣು ಕೂಗುವುದು. ನಿಮ್ಮ ಆ "ಎದ್ದ ಹತ್ತು ನಿಮಿಷ" ಅಲ್ಲಿಗೇ ಮುಗಿದು ಹೋಗುತ್ತಿತ್ತು. ಕುಡಿತ ಇರಲಿಲ್ಲ. ಸಂಜೆ ಭಜನೆಗೆ ನಾಲ್ಕು ಜನ ಸ್ವಾಮಿಗಳ ಜೊತೆ ಇತ್ತು. ಸೇದಬೇಕೋ ಬೇಡವೋ ಅಂತ ದಿನಾ ಹದಿನೈದು ಸಲ ನಿಮ್ಮೊಳಗೆ ನಡೆಯುವ ಪಂಚಾಯಿತಿ ಆ 41 ದಿನ ನಡೆಯಲೇ ಇಲ್ಲ. ತೀರ್ಮಾನ ಮೊದಲೇ ಆಗಿತ್ತು.

ಆಮೇಲಿನ ಎರಡು ಪ್ರಯತ್ನದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಯಾರಿಗೂ ಹೇಳದೆ, ಯಾವುದೋ ಒಂದು ಬೆಳಿಗ್ಗೆ ಸುಮ್ನೆ ಹಲ್ಲು ಕಚ್ಚಿ ಕೂತಿರಿ ಅಂತ ನನ್ನ ಊಹೆ. ಹೆಚ್ಚಿನವರು ಮಾಡುವುದು ಹಾಗೆಯೇ. ಭಕ್ತಿ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮನ್ನು ದಡ ಮುಟ್ಟಿಸಿದ್ದರಲ್ಲಿ ಅರ್ಧ ಪಾಲು ಆ ವ್ಯವಸ್ಥೆಯದ್ದು.

ಮಾಲೆಯಲ್ಲಿ ಒಂದೇ ಒಂದು ತೊಡಕಿತ್ತು. ಅದಕ್ಕೆ ಕೊನೆಯ ದಿನ ಇತ್ತು. ನೀವು ಸಿಗರೇಟ್ ಬಿಟ್ಟಿರಲಿಲ್ಲ, 41 ದಿನ ಮುಂದಕ್ಕೆ ಹಾಕಿದ್ದಿರಿ. ಅದು ಹೊರಗೆ ಕಾಯುತ್ತಾ ಕೂತಿತ್ತು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಮೆಡಿಕಲ್ ಕಾಲೇಜು ಹಾಸ್ಟೆಲಿನಲ್ಲಿ ನಾನೂ ಸೇದಿದವನೇ. ಬಿಟ್ಟು ಮೂರು ವರ್ಷವಾಗಿತ್ತು, ನೆನಪೂ ಆಗುತ್ತಿರಲಿಲ್ಲ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಹಳೆಯ ಗೆಳೆಯ ಸಿಕ್ಕಿ ಒಂದು ಚಾಚಿದ. "ಒಂದರಿಂದ ಏನಾಗುತ್ತೆ" ಅಂತ ತೆಗೆದುಕೊಂಡೆ. ಮುಂದಿನ ಜಾತ್ರೆ ಬರುವವರೆಗೂ ಸೇದಿದೆ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಅನ್ನುವುದು ನಿಮಗೆ ಗೊತ್ತಲ್ಲ.

ಈಗ ಜೂನ್ 1ರ ವಿಷಯ. ಜೂನ್ 1ರಿಂದ ಜುಲೈ 31, ಮೀನುಗಾರಿಕೆ ಬಂದ್ ಇರುವ 61 ದಿನ. ಬೋಟಿನ ಒತ್ತಡ ಇಲ್ಲ, ಡೀಸೆಲ್ ಲೆಕ್ಕ ಇಲ್ಲ, ರಾತ್ರಿ ನಿದ್ದೆಗೆಡುವುದಿಲ್ಲ. ಅತಿ ಕಷ್ಟದ ಮೊದಲ ನಾಲ್ಕು ವಾರ ನೀವು ಮನೆಯಲ್ಲೇ ಇರುತ್ತೀರಿ. ನಿಕೋಟಿನ್ ಗಮ್ ಕೋರ್ಸ್ 12 ವಾರ. ಅಂದರೆ ಆಗಸ್ಟ್‌ನಲ್ಲಿ ಬೋಟು ಇಳಿಸಿದಾಗಲೂ ಮೂರು ವಾರ ಔಷಧದ ಆಸರೆ ಉಳಿದಿರುತ್ತದೆ. ಬೇಕೆಂದು ಕೂಡಿಸಿದರೂ ಇಷ್ಟು ಚೆನ್ನಾಗಿ ಕೂಡುವುದಿಲ್ಲ.

ಅಲ್ಲಿವರೆಗೆ ಎರಡು ವಾರ ಇದೆ. ಈಗಲೇ 15ರಿಂದ 10, 10ರಿಂದ 5 ಅಂತ ಇಳಿಸಲು ಹೋಗಬೇಡಿ. ಉಳಿದ ಐದನ್ನು ಜೋರಾಗಿ ಎಳೆದು ದೇಹ ತನ್ನ ಪಾಲು ವಸೂಲಿ ಮಾಡುತ್ತದೆ. ಅದರ ಬದಲು ಪೊಟ್ಟಣಕ್ಕೆ ಒಂದು ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಪ್ರತಿ ಸಲ ತೆಗೆಯುವ ಮೊದಲು ಗಂಟೆ ಎಷ್ಟು, ಎಲ್ಲಿದ್ದೀರಿ, ಯಾಕೆ ಅಂತ ಮೂರು ಶಬ್ದ ಬರೆಯಿರಿ. ನಾಲ್ಕು ದಿನದಲ್ಲಿ ಕಾಣುತ್ತದೆ: ಹದಿನೈದರಲ್ಲಿ ನಿಜಕ್ಕೂ ಬೇಕಾದದ್ದು ನಾಲ್ಕೈದು, ಉಳಿದದ್ದು ಚಹಾದ ಜೊತೆ, ಫೋನಿನ ಜೊತೆ, ಪಕ್ಕದವನು ಹಚ್ಚಿದ ಅಂತ. ಮನೆಯೊಳಗೆ ಸೇದುವುದನ್ನು ಇವತ್ತೇ ನಿಲ್ಲಿಸಿ. ಗೂಡಂಗಡಿಯ ಉದ್ರಿ ಖಾತೆ ಮೇ 31ಕ್ಕೆ ಚುಕ್ತಾ ಮಾಡಿ, "ಇನ್ನು ನನ್ನ ಹೆಸರಲ್ಲಿ ಬರೀಬೇಡ" ಅಂತ ಬಾಯಿಬಿಟ್ಟು ಹೇಳಿ. ನಾಲ್ಕು ಜನರ ಎದುರಿಗೇ ಹೇಳಿ. ಮಾಲೆ ಹಾಕಿದಾಗ ಊರಿಗೆಲ್ಲ ಗೊತ್ತಾಗಿತ್ತಲ್ಲ, ಹಾಗೆ.

ಗಮ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಅದನ್ನು ಚೂಯಿಂಗ್ ಗಮ್ ಥರ ಜಗಿದಿದ್ದೀರಿ. ಹಾಗೆ ಜಗಿದರೆ ನಿಕೋಟಿನ್ ಒಮ್ಮೆಲೇ ಬಿಟ್ಟುಕೊಂಡು ಉಗುಳಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆ ಉರಿ ಬರುವುದು ಅದರಿಂದ. ತಲಬೂ ಇಳಿಯುವುದಿಲ್ಲ, ಯಾಕೆಂದರೆ ಅದು ಒಳಸೇರಬೇಕಾದದ್ದು ಕೆನ್ನೆಯ ಒಳಚರ್ಮದಿಂದ. ನಮ್ಮ ಕಡೆಯ ಹಳಬರು ಕವಳ (ಎಲೆಯಡಿಕೆ) ಹಾಕಿ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆ. ನಿಧಾನವಾಗಿ ಹತ್ತು ಹದಿನೈದು ಸಲ ಕಚ್ಚಿ. ನಾಲಿಗೆಗೆ ಮೆಣಸಿನಂಥ ಖಾರ, ಸಣ್ಣ ಚುಮುಚುಮು ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಒಸಡು ಮತ್ತು ಕೆನ್ನೆಯ ನಡುವೆ ಒತ್ತಿಟ್ಟುಕೊಳ್ಳಿ. ಒಂದು ನಿಮಿಷಕ್ಕೆ ಚುಮುಚುಮು ಹೋಗುತ್ತದೆ. ಮತ್ತೆ ನಾಲ್ಕು ಸಲ ಕಚ್ಚಿ, ಇನ್ನೊಂದು ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಚಹಾ, ಕಾಫಿ, ಹುಳಿ ಏನೂ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬರು ಊಟಕ್ಕೆ ದಿನಾ ಅಪ್ಪೆಹುಳಿ ಕುಡಿದು ಅದರ ಮೇಲೇ ಗಮ್ ಹಾಕಿ, "ನಿಮ್ಮ ಗಮ್ ಡೂಪ್ಲಿಕೇಟು ಡಾಕ್ಟ್ರೇ" ಅಂತ ಜಗಳಕ್ಕೆ ಬಂದಿದ್ದರು. ಕೋಕಂ ಹುಳಿಯ ಸೋಲ್‌ಕಡಿಗೂ ಇದೇ ಮಾತು.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕು ಅನ್ನುವವರಿಗೆ 2 ಮಿಲಿಗ್ರಾಂ ಗಮ್ ಸಾಲುವುದಿಲ್ಲ, 4 ಮಿಲಿಗ್ರಾಂ ಬೇಕು. 2 ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ಡಾಕ್ಟರ ಚೀಟಿ ಬೇಕು. ಗಮ್ ಒಂದನ್ನೇ ನೆಚ್ಚಿಕೊಂಡರೆ ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು, ದಿನಕ್ಕೆ ಒಂಬತ್ತಕ್ಕೆ ಕಮ್ಮಿ ಇಲ್ಲದ ಹಾಗೆ. ಏಳನೇ ವಾರದಿಂದ ಅಂತರ ಜಾಸ್ತಿ ಮಾಡುತ್ತಾ ಹೋಗುವುದು. ಎಷ್ಟೇ ಆದರೂ ದಿನಕ್ಕೆ 24 ದಾಟಬಾರದು. ಜನ ಮಾಡುವ ತಪ್ಪು ಜಾಸ್ತಿ ತಿನ್ನುವುದಲ್ಲ, ಕಮ್ಮಿ ತಿನ್ನುವುದು. "ತಡೆಯಲಾಗದಿದ್ದಾಗ ಮಾತ್ರ ಹಾಕಿದೆ" ಅನ್ನುತ್ತಾರೆ. ತಡೆಯಲಾಗದ ಸ್ಥಿತಿಗೆ ಹೋಗದಿರಲಿ ಅಂತಲೇ ಗಮ್ ಇರುವುದು.

ಇನ್ನೊಂದು ದಾರಿ ಚರ್ಮಕ್ಕೆ ಅಂಟಿಸುವ ಪ್ಯಾಚ್. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಆರು ವಾರ 21 ಮಿಲಿಗ್ರಾಂ, ಆಮೇಲೆ ಎರಡು ವಾರ 14, ಕೊನೆಗೆ ಎರಡು ವಾರ 7. ಪ್ಯಾಚ್ ಹಚ್ಚಿಕೊಂಡು, ತಲಬು ಬಂದಾಗ ಮಾತ್ರ ಒಂದು ಗಮ್ ಹಾಕುವುದು ಎರಡರಲ್ಲಿ ಒಂದನ್ನೇ ಬಳಸುವುದಕ್ಕಿಂತ ಒಳ್ಳೆಯದು. ಆಗ ಗಮ್ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ಪ್ಯಾಚ್ ಕಿತ್ತು ಇಡಿ. ಬೆವರು, ಉಪ್ಪುನೀರು ಇರುವ ಬೋಟಿನ ಮೇಲೆ ಅದು ನಿಲ್ಲುವುದು ಕಷ್ಟ. ಮನೆಯಲ್ಲಿರುವ ಮಳೆಗಾಲಕ್ಕೆ ಸರಿ. ನಿಕೋಟಿನ್ ಇಲ್ಲದ ಮಾತ್ರೆಗಳೂ ಇವೆ: ವರೆನಿಕ್ಲಿನ್, ಬುಪ್ರೊಪಿಯಾನ್. ಅವನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಬೇಕು, ಡಾಕ್ಟರ ಕಣ್ಣೆದುರು. ಫಿಟ್ಸ್ ಬರುವವರಿಗೆ ಬುಪ್ರೊಪಿಯಾನ್ ಆಗದು. ಹೇಗೂ ಒಮ್ಮೆ ಬಿಪಿ ನೋಡಿಸಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದವರು, ಎದೆಬಡಿತ ಏರುಪೇರು ಇರುವವರು ಕೇಳದೆ ಇದ್ಯಾವುದನ್ನೂ ಮುಟ್ಟಬಾರದು. "ನಿಕೋಟಿನ್ ಬಿಡಲು ನಿಕೋಟಿನ್ನೇ ತಿನ್ನುವುದಾ?" ಅಂತ ಕೆಲವರು ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್. ಆದರೆ ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರ್ ಮತ್ತು ಉಳಿದ ವಿಷಗಳು.

ನೀವು ಬರೆದ ನಾಲ್ಕನೇ ದಿನದ ಸಿಟ್ಟು ಮತ್ತು ನಿದ್ದೆಗೇಡಿನಲ್ಲಿ ಚಹಾದ ಪಾಲೂ ಇದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಸೇದುವವರ ಲಿವರ್ ಹೊಗೆಯ ಕಾರಣಕ್ಕೆ ಕೆಫೀನನ್ನು ಬೇಗಬೇಗ ಖಾಲಿ ಮಾಡುತ್ತದೆ. ಸೇದುವುದು ನಿಂತ ಕೆಲವು ದಿನದಲ್ಲಿ ಆ ವೇಗ ಇಳಿಯುತ್ತದೆ. ಕುಡಿಯುವುದು ಅದೇ ಆರು ಚಹಾ, ಆದರೆ ರಕ್ತದಲ್ಲಿ ನಿಲ್ಲುವ ಕೆಫೀನ್ ಸುಮಾರು ದುಪ್ಪಟ್ಟು. ಎದೆ ಡವಡವ, ಕೈ ನಡುಕ, ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುವುದು. ಜನ ಇದನ್ನೆಲ್ಲ ಸಿಗರೇಟ್ ಬಿಟ್ಟಿದ್ದಕ್ಕೆ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಜೂನ್ 1ರಿಂದ ಚಹಾ ಅರ್ಧ ಮಾಡಿ, ಮಧ್ಯಾಹ್ನ ಮೂರರ ನಂತರ ಬೇಡ. ಮಳೆಗಾಲದಲ್ಲಿ ಚಹಾ ಬೇಡ ಅನ್ನುವುದು ಕ್ರೂರ ಮಾತು, ಗೊತ್ತು. ಕೊತ್ತಂಬರಿ ಬೀಜ, ಜೀರಿಗೆ ಹಾಕಿದ ಕಷಾಯ ಮಾಡಿಸಿ. ಅಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುವವರಿಗೂ ಇದೇ ಆಗುತ್ತದೆ. ಅಂಥವರು ಬಿಡುವ ಮೊದಲೇ ಡಾಕ್ಟರಿಗೆ ಹೇಳಿ ಮಾತ್ರೆ ಕಮ್ಮಿ ಮಾಡಿಸಬೇಕಾಗಬಹುದು.

ಸಂಡಾಸಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಎಷ್ಟೋ ಜನ ನಾಚಿಕೆಯಿಂದ ಹೇಳುವುದೇ ಇಲ್ಲ, ಆ ಒಂದು ಕಾರಣಕ್ಕೇ ಮತ್ತೆ ಶುರು ಮಾಡುತ್ತಾರೆ. ನಿಕೋಟಿನ್ ಕರುಳನ್ನು ಕೆಣಕುತ್ತದೆ, ನಿಜ. ಬಿಟ್ಟಾಗ ಕೆಲವು ವಾರ ಮಲಬದ್ಧತೆ ಆಗುವುದು ಮಾಮೂಲು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಆಮೇಲೆ ಹೋಗಿ ಕೂರಿ. ರಾತ್ರಿ ಊಟಕ್ಕೆ ಸೊಪ್ಪು, ಒಂದೆರಡು ಬಾಳೆಹಣ್ಣು. ಆಗದಿದ್ದರೆ ಇಸಬ್‌ಗೋಲ್. ಆ 41 ದಿನ ಹೊಟ್ಟೆ ಸಿಗರೇಟ್ ಇಲ್ಲದೆಯೂ ನಡೆದಿದೆ ಅನ್ನುವುದು ನೆನಪಿರಲಿ. ಮೊದಲ ವಾರಗಳಲ್ಲಿ ಕೆಮ್ಮು ಜಾಸ್ತಿಯಾಗಬಹುದು, ಬಾಯಿಹುಣ್ಣು ಏಳಬಹುದು, ಹಸಿವೂ ಏರುತ್ತದೆ. ನಾಲ್ಕೈದು ಕಿಲೋ ತೂಕ ಏರಿದರೆ ಗಾಬರಿ ಬೇಡ.

ತಲಬಿನ ಬಗ್ಗೆ ನಿಮಗೆ ಸಮುದ್ರದ ಉಪಮೆ ಕೊಡುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ. ಅಳಿವೆ ದಾಟುವಾಗ ದೊಡ್ಡ ಅಲೆ ಎದ್ದರೆ ನೀವು ಅದರ ಜೊತೆ ಜಗಳಕ್ಕೆ ಹೋಗುವುದಿಲ್ಲ, ಬೆನ್ನು ಹಾಕಿ ಓಡುವುದೂ ಇಲ್ಲ. ಬೋಟಿನ ಮೂತಿ ಅದಕ್ಕೆ ಎದುರಾಗಿ ಹಿಡಿದು, ಅದು ಅಡಿಯಿಂದ ಹಾದು ಹೋಗುವವರೆಗೆ ಕಾಯುತ್ತೀರಿ. ತಲಬು ಒಂದು ಸಲಕ್ಕೆ ಮೂರರಿಂದ ಐದು ನಿಮಿಷ. ನಂಬಿಕೆ ಬರದಿದ್ದರೆ ಫೋನಿನಲ್ಲಿ ಟೈಮ್ ಇಟ್ಟು ನೋಡಿ. ಆ ಐದು ನಿಮಿಷಕ್ಕೆ ಕೈಗೆ, ಬಾಯಿಗೆ ಏನಾದರೂ ಕೊಡಿ: ತಣ್ಣೀರು ಗುಟುಕು ಗುಟುಕಾಗಿ, ಒಂದು ಲವಂಗ, ಸ್ವಲ್ಪ ಬಡೇಸೋಪು, ಒಣಕೊಬ್ಬರಿ ಚೂರು. ಕೂತಲ್ಲಿಂದ ಏಳಿ, ಜಾಗ ಬದಲಿಸಿ. ಮೂಗಿನಿಂದ ನಿಧಾನ ಉಸಿರೆಳೆದು ಬಾಯಿಂದ ಬಿಡಿ. ಸಿಗರೇಟ್ ಸೇದುವಾಗ ಸಿಗುವ ಹಾಯೆನಿಸುವಿಕೆಯಲ್ಲಿ ಆ ಉದ್ದನೆಯ ಉಸಿರಿನ ಪಾಲೂ ಇದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೆಂಡತಿಗೆ ಈಗಲೇ ಹೇಳಿ: "ಜೂನ್ ಮೊದಲ ವಾರ ನಾನು ಮನುಷ್ಯನ ಹಾಗಿರುವುದಿಲ್ಲ, ಸೇದಿ ಅಂತ ಮಾತ್ರ ಹೇಳಬೇಡ, ಹೊರಗೆ ಹೋಗಿ ಬಾ ಅನ್ನು." ಅವರು ತಪ್ಪು ಮಾಡಲಿಲ್ಲ, ಎಷ್ಟು ದಿನ ಸಹಿಸಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೇ. ಗೊತ್ತಿದ್ದರೆ ತಡೆದುಕೊಳ್ಳುತ್ತಾರೆ.

ಮಳೆಗಾಲಕ್ಕೂ ತನ್ನದೇ ಗುಂಡಿಗಳಿವೆ. ಕೆಲಸ ಇಲ್ಲದ ಹೊತ್ತು ಉದ್ದ. ಬಲೆ ಹೆಣೆಯಲು ಕೂತಾಗ ಬೀಡಿ ಕಟ್ಟು ನಡುವೆ ಬಿದ್ದಿರುತ್ತದೆ. "ಸಿಗರೇಟ್ ಬಿಟ್ಟೆ, ಬೀಡಿ ಒಂದೆರಡು ಅಷ್ಟೇ" ಅನ್ನುವ ಮಾತು ಬೇಡ. ಬೀಡಿಯ ಎಲೆ ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಹಾಗಾಗಿ ಜಾಸ್ತಿ ಸಲ, ಜೋರಾಗಿ ಎಳೆಯುತ್ತೀರಿ. ಸಣ್ಣದು ಅಂತ ಅದು ಸಾಧು ಅಲ್ಲ. ಮೊದಲ ತಿಂಗಳು ಕುಡಿತವನ್ನೂ ನಿಲ್ಲಿಸಿದರೆ ಒಳ್ಳೆಯದು. ಗೋವಾ ಗಡಿ ಇಷ್ಟು ಹತ್ತಿರ ಇಟ್ಟುಕೊಂಡು ಈ ಮಾತು ಹೇಳುವುದು ಸುಲಭ ಅಲ್ಲ. ಆದರೆ ಎರಡನೇ ಗ್ಲಾಸಿನ ನಂತರ "ಒಂದೇ ಒಂದು" ಅನ್ನದವರನ್ನು ನಾನು ಕಂಡದ್ದು ಕಮ್ಮಿ. ಇ-ಸಿಗರೇಟ್ ಬಗ್ಗೆ ಯಾರಾದರೂ ಹೇಳಿದರೆ, 2019ರಿಂದ ದೇಶದಲ್ಲೇ ನಿಷೇಧ, ಬಿಟ್ಟುಬಿಡಿ.

ಗುಟ್ಕಾ, ಜರ್ದಾ, ಕವಳಕ್ಕೆ ಬದಲಾಗುವುದೂ ಬಿಟ್ಟ ಹಾಗಲ್ಲ. ಹೊಗೆಸೊಪ್ಪು ಇಲ್ಲದ ಕವಳವೂ ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ನನ್ನ ಡಾಕ್ಟರಿ ಓದಿನ ಫೀ ಕಟ್ಟಿದ್ದು ಅಪ್ಪನ ಅಡಿಕೆ ತೋಟ. ಊರಿಗೆ ಹೋದಾಗ ಈ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ, ಹೇಳದೆ ಮಾತ್ರ ಬರುವುದಿಲ್ಲ.

ಆಗಸ್ಟ್ 1 ನಿಜವಾದ ಪರೀಕ್ಷೆ. ನಿಮ್ಮ ಮಾಲೆ ತೆಗೆದ ದಿನ ಇದ್ದ ಹಾಗೆ ಅದು. ಮತ್ತೆ ಅದೇ ಬೋಟು, ಅದೇ ಜನ, ಅದೇ ಡೀಸೆಲ್ ವಾಸನೆ. ಮೈಮರೆತು ಕೈ ಜೇಬಿಗೆ ಹೋಗುತ್ತದೆ. ಕೆಲಸ ಇರುವ ಹೊತ್ತು ಅಪಾಯವಿಲ್ಲ. ಬಲೆ ಬಿಟ್ಟು ಕಾಯುವ ಹೊತ್ತು ಅಪಾಯ. ಆದರೆ ನಿಮಗೊಂದು ಅನುಕೂಲ ಇದೆ, ನೀವು ತಾಂಡೇಲ. ನಿಮ್ಮ ಕ್ಯಾಬಿನ್ನಿನೊಳಗೆ ಯಾರೂ ಹಚ್ಚಬಾರದು ಅಂದರೆ ಮುಗಿಯಿತು. ಗಮ್ ಅನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಸ್ಟೇರಿಂಗ್ ಪಕ್ಕ ಇಡಿ, ಬ್ಯಾಗಿನ ತಳದಲ್ಲಿ ಬೇಡ. ಆ ಹೊತ್ತಿಗೆ ಗಮ್ ಕಮ್ಮಿ ಮಾಡುವ ವಾರ ಬಂದಿರುತ್ತದೆ, ಆದರೂ ಮೊದಲ ಎರಡು ಟ್ರಿಪ್ಪಿನಲ್ಲಿ ಆ ಲೆಕ್ಕ ನೋಡಬೇಡಿ, ದಿನಕ್ಕೆ 24 ದಾಟದ ಹಾಗೆ ಬೇಕಾದಾಗ ಹಾಕಿ.

ಎಲ್ಲಾದರೂ ಜಾರಿ ಒಂದು ಸೇದಿದರೆ, ಅದು ಒಂದು. ಪೊಟ್ಟಣ ಕೊಳ್ಳಬೇಡಿ. ಗಮ್, ಪ್ಯಾಚ್ ನಿಲ್ಲಿಸಬೇಡಿ. ಎಲ್ಲಿ, ಯಾರ ಜೊತೆ ಅಂತ ಅದೇ ಚೀಟಿಯಲ್ಲಿ ಬರೆದು ಮುಂದೆ ಹೋಗಿ. ಜಾತ್ರೆಯ ಮರುದಿನ ನಾನು ಮಾಡಬೇಕಿದ್ದದ್ದು ಇದನ್ನೇ. ಮಾಡಲಿಲ್ಲ. "ಹೇಗೂ ಕೆಟ್ಟೆ" ಅಂತ ಒಂದು ಪ್ಯಾಕ್ ತಂದೆ.

ಬಿಡಿಸುವ ಸಲಹೆಗೆ ಉಚಿತ ಸಹಾಯವಾಣಿ ಇದೆ: 1800-11-2356. ಕನ್ನಡದಲ್ಲೂ ಮಾತಾಡುತ್ತಾರೆ. ಬರೆದಿಟ್ಟುಕೊಳ್ಳುವುದೂ ಬೇಡ, ನಿಮ್ಮ ಜೇಬಿನಲ್ಲಿರುವ ಪೊಟ್ಟಣದ ಮೇಲೇ ಅಚ್ಚಾಗಿದೆ. ಕಾರವಾರದ ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಸಲಹೆ ಎಲ್ಲಿ ಕೊಡುತ್ತಾರೆ ಅಂತ ಕೇಳಿ, 4 ಮಿಲಿಗ್ರಾಂ ಚೀಟಿಯನ್ನೂ ಅಲ್ಲೇ ಬರೆಸಿಕೊಳ್ಳಿ. ಹೋದಾಗ ಬಾಯಿಯನ್ನೂ ತೋರಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಕಫದಲ್ಲಿ ರಕ್ತ, ನಡೆದಾಗ ಎದೆ ಹಿಡಿದ ಹಾಗಾಗುವುದು ಇದ್ದರೆ ಜೂನ್ 1ರವರೆಗೆ ಕಾಯಬೇಡಿ, ನಾಳೆಯೇ ಹೋಗಿ.

ಜೂನ್ 8ರ ಸುಮಾರಿಗೆ ನನಗೆ ಇನ್ನೊಂದು ಪತ್ರ ಬರೆಯಿರಿ. ಚಹಾ ಎಷ್ಟಕ್ಕೆ ಇಳಿಯಿತು, ಗಮ್ ದಿನಕ್ಕೆ ಎಷ್ಟಾಯಿತು, ಬೆಳಗಿನ ಹೊಟ್ಟೆಯ ಕಥೆ ಏನಾಯಿತು, ಮೂರೂ ಇರಲಿ. ಸಾಧ್ಯವಾದರೆ ಕೊನೆಗೆ ಎರಡು ಸಾಲು ಮನೆಯವರಿಂದಲೂ ಬರೆಸಿ. ನಿಮ್ಮ ಸಿಟ್ಟಿನ ಬಗ್ಗೆ ನಿಮಗಿಂತ ಅವರು ಹೇಳಿದರೇ ನಾನು ನಂಬುವುದು.